ಬುಕಿಂಗ್ ಕಂಪನಿಯಿಂದ ನಮ್ಮ ಮಾಹಿತಿ ಸೋರಿದೆ, ಮೊದಲು ಯಾವ ಬೀಗ ಹಾಕಲಿ?

ಹೋಂಸ್ಟೇ ಅಕ್ಕ, ಕಕ್ಕಬ್ಬೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಗಾಬರಿಯಲ್ಲೇ ಬರೆಯುತ್ತಿದ್ದೇನೆ. ಗೊತ್ತಿದ್ದವರು ದಯವಿಟ್ಟು ದಾರಿ ಹೇಳಿ.

ನಮ್ಮದು ಮೂರು ಕೋಣೆಯ ಸಣ್ಣ ಹೋಂಸ್ಟೇ. ಹತ್ತು ದಿನದ ಹಿಂದೆ ನಾವು ಸೇರಿಕೊಂಡಿರುವ ಒಂದು ಬುಕಿಂಗ್ ಕಂಪನಿಯಿಂದ ಮೇಲ್ ಬಂತು. ಇಂಗ್ಲಿಷಿನಲ್ಲಿ ಎರಡು ಪುಟ. ಮಗ ಓದಿ ಹೇಳಿದ. ಅವರ ಕಂಪ್ಯೂಟರಿಗೆ ಯಾರೋ ನುಗ್ಗಿದ್ದಾರಂತೆ. ನಮ್ಮ ಹೆಸರು, ಫೋನ್ ನಂಬರ್, ಪಾನ್, ಬ್ಯಾಂಕ್ ಖಾತೆ, ಆಧಾರ್ ಕಾಪಿ ಎಲ್ಲಾ ಹೊರಗೆ ಹೋಗಿರಬಹುದಂತೆ. ಎಚ್ಚರಿಕೆಯಿಂದ ಇರಿ ಅಂತ ಕೊನೆಯಲ್ಲಿ ಬರೆದಿದ್ದಾರೆ. ಎಚ್ಚರಿಕೆ ಅಂದರೆ ಏನು ಮಾಡಬೇಕು ಅಂತ ಒಂದು ಸಾಲೂ ಇಲ್ಲ. ಆ ಆ್ಯಪಿನ ಪಾಸ್‌ವರ್ಡ್ ಬದಲಿಸಿ ಸುಮ್ನಾದೆ.

ಮೊನ್ನೆ ಶನಿವಾರ ಬೆಳಿಗ್ಗೆ ಕಡಂಬುಟ್ಟು ಉಂಡೆ ಕಟ್ಟುತ್ತಿದ್ದೆ. ತಡಿಯಂಡಮೋಳ್ ಹತ್ತಲು ಹೊರಟ ಅತಿಥಿಗಳಿಗೆ ತಿಂಡಿ ಆಗಬೇಕಿತ್ತು. ಆಗ ಫೋನ್ ಬಂತು. ಚೆನ್ನಾಗಿ ಕನ್ನಡ ಮಾತಾಡುವ ಹುಡುಗ. ಮನೆತನದ ಹೆಸರು ಸೇರಿಸಿ ನನ್ನ ಪೂರ್ತಿ ಹೆಸರು ಹೇಳಿದ. ಖಾತೆಯ ಕೊನೆಯ 4 ಅಂಕಿ ಹೇಳಿದ. ಹಿಂದಿನ ವಾರದ ಬುಕಿಂಗಿನ ಹಣ ಎಷ್ಟು ಅಂತಲೂ ಸರಿಯಾಗಿ ಹೇಳಿದ. "ಮಾಹಿತಿ ಸೋರಿದ್ದರಿಂದ ನಿಮ್ಮ ಹಣ ತಡೆದಿದ್ದೇವೆ ಮೇಡಂ, ಈಗ ಒಂದು ಒಟಿಪಿ ಬರುತ್ತೆ, ಅದನ್ನು ಹೇಳಿದರೆ ಬಿಡುಗಡೆ ಆಗುತ್ತೆ" ಅಂದ.

ನಾನು ನಂಬಿದೆ. ಇಷ್ಟೆಲ್ಲಾ ಗೊತ್ತಿರುವವನು ಕಂಪನಿಯವನೇ ಇರಬೇಕು ಅಲ್ವಾ ಅನ್ನಿಸಿತು. ಕೈಯಲ್ಲಿ ಅಕ್ಕಿತರಿ ಮೆತ್ತಿಕೊಂಡಿತ್ತು. ಮೆಸೇಜ್ ಓದು ಅಂತ ಮಗನಿಗೆ ಫೋನ್ ಕೊಟ್ಟೆ. ಅವನು ಕಿಟಕಿಯಿಂದ ಎರಡು ಹೆಜ್ಜೆ ಈಚೆ ಬಂದ, ಕಾಲ್ ಕಟ್ ಆಯಿತು. ನಮ್ಮ ಮನೆಯಲ್ಲಿ ಸಿಗ್ನಲ್ ಇರುವುದೇ ಆ ಒಂದು ಕಿಟಕಿ ಹತ್ತಿರ. ಆಮೇಲೆ ಅವನು ಮೆಸೇಜ್ ಪೂರ್ತಿ ಓದಿದ. ಅದು ನನ್ನ ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಬದಲಿಸುವ ಒಟಿಪಿ.

ಹಣ ಹೋಗಿಲ್ಲ. ಆದರೆ ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ಅವರ ಹತ್ತಿರ ಇರುವ ಮಾಹಿತಿಯಿಂದ ಇನ್ನೂ ಏನೇನು ಮಾಡಬಹುದು? ನಾನು ಮೊದಲು ಯಾವ ಬೀಗ ಹಾಕಲಿ?

ನಿವೃತ್ತ ಬ್ಯಾಂಕಿನವರು, ವಿರಾಜಪೇಟೆ

ತಂಗಿ, ಮೊದಲು ಸಮಾಧಾನ ಮಾಡಿಕೊಳ್ಳಿ. ಹೊರಗೆ ಹೋದದ್ದನ್ನು ವಾಪಸ್ ತರಲು ಯಾರಿಂದಲೂ ಆಗುವುದಿಲ್ಲ. ಹೋದದ್ದು ಯಾವ ಬಾಗಿಲಿನ ಕೀಲಿ ಅಂತ ನೋಡಬೇಕು. ಆ ಬಾಗಿಲಿನ ಬೀಗ ಬದಲಿಸಬೇಕು.

ಖಾತೆ ನಂಬರ್ ಮತ್ತು ಐಎಫ್‌ಎಸ್‌ಸಿ ಹೋಗಿದೆ ಅಂತ ಹೆದರಬೇಡಿ. ಅದರಿಂದ ನಿಮಗೆ ಹಣ ಹಾಕಬಹುದು, ತೆಗೆಯಲು ಆಗುವುದಿಲ್ಲ. ನಾವು ಯಾರಿಗಾದರೂ ಕೊಡುವ ಚೆಕ್ಕಿನ ಮೇಲೂ ಅದು ಅಚ್ಚಾಗಿಯೇ ಇರುತ್ತದೆ. ಅಪಾಯ ಇರುವುದು ಆ ವಿವರ ಹೇಳಿ ನಿಮ್ಮ ನಂಬಿಕೆ ಗಳಿಸುವುದರಲ್ಲಿ. ಶನಿವಾರ ಆದದ್ದು ಅದೇ. ಬ್ಯಾಂಕಿನಲ್ಲಿದ್ದಾಗ ಹಣ ಕಳೆದುಕೊಂಡು ಬಂದವರನ್ನು ತುಂಬಾ ನೋಡಿದ್ದೇನೆ. "ಅವನಿಗೆ ನನ್ನ ಬಗ್ಗೆ ಎಲ್ಲಾ ಗೊತ್ತಿತ್ತು ಸಾರ್" ಅಂತಲೇ ಹೆಚ್ಚಿನವರು ಹೇಳುತ್ತಿದ್ದರು. ಗೊತ್ತಿರುವುದು ಪುರಾವೆ ಅಲ್ಲ. ಈಗಂತೂ ಅಲ್ಲವೇ ಅಲ್ಲ. ಯಾರೇ ಫೋನ್ ಮಾಡಲಿ, ಇಟ್ಟುಬಿಡಿ. ಪಾಸ್‌ಬುಕ್ಕಿನಲ್ಲೋ ಕಾರ್ಡಿನ ಹಿಂದೆಯೋ ಇರುವ ನಂಬರಿಗೆ ನೀವೇ ಮಾಡಿ. ಮೆಸೇಜಿನಲ್ಲಿ ಬಂದ ಲಿಂಕ್ ಮುಟ್ಟಬೇಡಿ. ಬ್ಯಾಂಕುಗಳ ವೆಬ್‌ಸೈಟ್ ವಿಳಾಸ ಡಾಟ್ ಬ್ಯಾಂಕ್ ಡಾಟ್ ಇನ್ ಅಂತಲೇ ಮುಗಿಯಬೇಕು ಅಂತ ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಅದನ್ನು ನೋಡುವ ಅಭ್ಯಾಸ ಇರಲಿ.

ಇವತ್ತೇ ಮಾಡಬೇಕಾದದ್ದು ನಿಮ್ಮ ಇ-ಮೇಲ್ ಪಾಸ್‌ವರ್ಡ್. ಬುಕಿಂಗ್ ಆ್ಯಪಿನದು ಮಾತ್ರ ಬದಲಿಸಿದರೆ ಸಾಲದು. ಬೇರೆ ಎಲ್ಲಾ ಪಾಸ್‌ವರ್ಡ್ ಮರೆತಾಗ ಹೊಸದು ಬರುವುದು ಮೇಲ್‌ಗೆ ತಾನೇ? ಅದು ಹೆಬ್ಬಾಗಿಲು. ಒಂದೇ ಪಾಸ್‌ವರ್ಡ್ ನಾಲ್ಕು ಕಡೆ ಇಟ್ಟಿದ್ದರೆ ನಾಲ್ಕೂ ಕಡೆ ಬದಲಿಸಿ, ನಾಲ್ಕೂ ಬೇರೆ ಬೇರೆ ಇರಲಿ. ಒಂದು ಕಡೆ ಸೋರಿದ ಪಾಸ್‌ವರ್ಡನ್ನು ನೂರಾರು ಕಡೆ ತಾನಾಗಿಯೇ ಹಾಕಿ ನೋಡುವ ಪ್ರೋಗ್ರಾಂಗಳಿವೆ. ನೆನಪಿರುವುದಿಲ್ಲ ಅಂದರೆ ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡಿ. ನಮ್ಮ ವಯಸ್ಸಿನವರಿಗೆ ಅದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಆ ಕಳ್ಳ ನಿಮ್ಮ ಬೀರುವಿನ ತನಕ ಬರುವುದಿಲ್ಲ.

ಇನ್ನೊಂದು ವಿಷಯ. ಅತಿಥಿಗಳ ಹಣ ಬರುವ ಖಾತೆ ಬೇರೆ, ಉಳಿತಾಯದ ಖಾತೆ ಬೇರೆ ಮಾಡಿ. ಊರಿಗೆಲ್ಲ ಕೊಟ್ಟ ಖಾತೆಯಲ್ಲಿ ಖರ್ಚಿಗೆ ಬೇಕಾದಷ್ಟೇ ಇರಲಿ. ಉಳಿತಾಯದ ಖಾತೆಗೆ ಯುಪಿಐ ಜೋಡಿಸಬೇಡಿ.

ಮೊಬೈಲ್ ಅಂಗಡಿ, ಗೋಣಿಕೊಪ್ಪ

ಅಕ್ಕಾ, ಸಿಮ್ ವಿಚಾರ ನಾನು ಹೇಳುತ್ತೇನೆ. ಕೊಡಗಿನವರಿಗೆ ಇದು ಬೇರೆಯವರಿಗಿಂತ ಜಾಸ್ತಿ ಮುಖ್ಯ.

ನಿಮ್ಮ ಆಧಾರ್ ಕಾಪಿ, ನಂಬರ್, ಹುಟ್ಟಿದ ತಾರೀಕು ಸಿಕ್ಕವನು "ಸಿಮ್ ಕಳೆದುಹೋಗಿದೆ" ಅಂತ ನಿಮ್ಮ ಹೆಸರಲ್ಲಿ ಹೊಸ ಸಿಮ್ ತೆಗೆಯಲು ನೋಡಬಹುದು. ಅದು ಚಾಲೂ ಆದ ಕೂಡಲೇ ನಿಮ್ಮ ಕೈಯಲ್ಲಿರುವ ಸಿಮ್ ಸಾಯುತ್ತದೆ. ಒಟಿಪಿ ಎಲ್ಲಾ ಅವನಿಗೆ ಹೋಗುತ್ತದೆ. ಬೆಂಗಳೂರಿನಲ್ಲಿ ಇದ್ದಕ್ಕಿದ್ದಂತೆ ಸಿಗ್ನಲ್ ಹೋದರೆ ಜನ ತಕ್ಷಣ ಎಚ್ಚರ ಆಗುತ್ತಾರೆ. ನಮ್ಮಲ್ಲಿ? ಜೂನ್ ಜುಲೈ ಮಳೆಯಲ್ಲಿ ಕರೆಂಟ್ ಹೋದ ಮೇಲೆ ಟವರೂ ಹೋಗುತ್ತದೆ, ಮೂರು ದಿನ ಸಿಗ್ನಲ್ ಇಲ್ಲದಿದ್ದರೂ ಯಾರೂ ಕೇಳುವುದಿಲ್ಲ. ಹೋದ ಮಳೆಗಾಲ ಒಬ್ಬರು ಅಂಗಡಿಗೆ ಬಂದು "ಟವರ್ ಸರಿ ಇಲ್ಲ" ಅಂತ ಫೋನ್ ಕೊಟ್ಟರು. ಅದೇ ಕಂಪನಿಯ ನನ್ನ ಫೋನಿನಲ್ಲಿ ನಾಲ್ಕು ಕಡ್ಡಿ ಇತ್ತು. ಅವರ ಸಿಮ್ ತೆಗೆದು ನನ್ನ ಫೋನಿಗೆ ಹಾಕಿದೆ. ಅಲ್ಲೂ ಸತ್ತಿತ್ತು. ಹಿಂದಿನ ದಿನವೇ ಯಾರೋ ಹೊಸ ಸಿಮ್ ತೆಗೆದಿದ್ದರು.

ಗುರುತಿಸುವುದು ಹೀಗೆ. ಟವರ್ ಹೋಗಿದ್ದರೆ ಪಕ್ಕದಲ್ಲಿ ನಿಂತ ಅದೇ ಕಂಪನಿಯ ಫೋನೂ ಸತ್ತಿರುತ್ತದೆ. ನಿಮ್ಮದೊಂದೇ ಸತ್ತಿದ್ದರೆ ಬೇರೆ ಫೋನಿನಿಂದ ನಿಮ್ಮ ನಂಬರಿಗೆ ಹೊಡೆಯಿರಿ. ಆ ಕಡೆ ರಿಂಗ್ ಆಗಿ ನಿಮ್ಮ ಕೈಯಲ್ಲಿರುವುದು ಸುಮ್ಮನಿದ್ದರೆ ಒಂದು ನಿಮಿಷವೂ ಕಾಯಬೇಡಿ. ಬೇರೆ ಫೋನಿನಿಂದ ಸಿಮ್ ಕಂಪನಿಗೂ ಬ್ಯಾಂಕಿಗೂ ಹೇಳಿ. ಒಂದು ಸಮಾಧಾನ ಇದೆ. ಹೊಸ ಸಿಮ್ ಚಾಲೂ ಆದ ಮೇಲೆ 24 ಗಂಟೆ ಎಸ್‌ಎಂಎಸ್ ಬರದಂತೆ ತಡೆಯಬೇಕು ಅಂತ ಟೆಲಿಕಾಂ ಇಲಾಖೆ 2022ರಲ್ಲಿ ಹೇಳಿದೆ. ಆ 24 ಗಂಟೆ ನಿಮಗೆ ಸಿಕ್ಕ ಸಮಯ. ಮಳೆ ಅಂತ ಮಲಗಿದರೆ ಅದೂ ಹೋಗುತ್ತದೆ.

ಸಂಚಾರ್ ಸಾಥಿ ಅಂತ ಸರ್ಕಾರದ ವೆಬ್‌ಸೈಟ್ ಇದೆ, ಆ್ಯಪ್ ಕೂಡ ಇದೆ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ತೋರಿಸುತ್ತದೆ. ಗೊತ್ತಿಲ್ಲದ ನಂಬರ್ ಕಂಡರೆ "ಇದು ನನ್ನದಲ್ಲ" ಅಂತ ಅಲ್ಲೇ ಒತ್ತಬಹುದು. ನನ್ನ ಅಮ್ಮನ ಹೆಸರಲ್ಲಿ ಎರಡು ಸಿಮ್ ಇರಬೇಕಿತ್ತು, ನಾಲ್ಕು ತೋರಿಸಿತು. ಅದೇ ಸೈಟಿನಲ್ಲಿ ಚಕ್ಷು ಅಂತ ಒಂದು ಭಾಗ ಇದೆ. ಶನಿವಾರ ಫೋನ್ ಮಾಡಿದವನ ನಂಬರನ್ನು ಅಲ್ಲಿ ಹಾಕಿ. ಹಣ ಹೋಗಿಲ್ಲದಿದ್ದರೂ ತೆಗೆದುಕೊಳ್ಳುತ್ತಾರೆ.

ಮೇಲ್‌ಗೆ ಪಾಸ್‌ವರ್ಡ್ ಜೊತೆ ಇನ್ನೊಂದು ನಂಬರ್ ಕೇಳುವ ಎರಡನೇ ಬೀಗ ಹಾಕುವಾಗ ಎಸ್‌ಎಂಎಸ್ ಬದಲು ಅಥೆಂಟಿಕೇಟರ್ ಆ್ಯಪ್ ಹಾಕಿಕೊಳ್ಳಿ ಅಕ್ಕಾ. ಅದು 30 ಸೆಕೆಂಡಿಗೊಂದು ಹೊಸ ನಂಬರ್ ಫೋನಿನೊಳಗೇ ಮಾಡಿಕೊಳ್ಳುತ್ತದೆ. ಸಿಗ್ನಲ್ಲೂ ಬೇಡ, ನೆಟ್ಟೂ ಬೇಡ. ಕಕ್ಕಬ್ಬೆಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಸಿಮ್ ಕದ್ದವನಿಗೂ ಸಿಗುವುದಿಲ್ಲ.

ಬಸ್ ಸ್ಟ್ಯಾಂಡ್ ಹತ್ತಿರ, ಕುಶಾಲನಗರ

ಎಲ್ಲರೂ ಹೇಳುವುದು ಸರಿ. ಆದರೆ ನನಗೆ ಒಂದು ಪ್ರಾಮಾಣಿಕ ಸಂಶಯ. ನಮ್ಮ ಮಾಹಿತಿ ಆಗಲೇ ಎಲ್ಲಾ ಕಡೆ ಹೋಗಿದೆ. 2021ರಲ್ಲಿ ಏರ್ ಇಂಡಿಯಾದ್ದು ಒಂದರಲ್ಲೇ ಸುಮಾರು 45 ಲಕ್ಷ ಪ್ರಯಾಣಿಕರ ವಿವರ ಹೋಯಿತು ಅಂತ ಅವರೇ ಹೇಳಿದರು. ಜೆರಾಕ್ಸ್ ಅಂಗಡಿಯಲ್ಲಿ, ಸಿಮ್ ಅಂಗಡಿಯಲ್ಲಿ, ಲಾಡ್ಜಿನಲ್ಲಿ ಎಲ್ಲಾ ಕಡೆ ಆಧಾರ್ ಕೊಟ್ಟಿದ್ದೇವೆ. ಈಗ ಬಾಗಿಲು ಹಾಕಿ ಏನು ಪ್ರಯೋಜನ?

ಹೋಂಸ್ಟೇ ಅಕ್ಕ, ಕಕ್ಕಬ್ಬೆ

ನಿಮ್ಮ ಪ್ರಶ್ನೆ ನನಗೂ ಬಂದಿತ್ತು. ಆದರೆ ಶನಿವಾರ ನನ್ನನ್ನು ನಂಬಿಸಿದ್ದು ಆಧಾರ್ ನಂಬರ್ ಅಲ್ಲ. ಹಿಂದಿನ ವಾರದ ಬುಕಿಂಗ್ ಹಣ. ಹಳೇ ಮಾಹಿತಿ ಒಂದೇ ಇದ್ದಿದ್ದರೆ ನಾನು ಫೋನ್ ಇಡುತ್ತಿದ್ದೆ. ಹಳೆಯದರ ಜೊತೆ ಹೊಸದು ಸೇರಿದಾಗ ಅದಕ್ಕೆ ಬಲ ಬರುತ್ತದೆ. ಹಾಗಾಗಿ ಇವತ್ತಿನಿಂದ ಕೊಡುವುದನ್ನು ಕಡಿಮೆ ಮಾಡಿದರೂ ಪ್ರಯೋಜನ ಇದೆ ಅಂತ ನನಗೆ ಅನ್ನಿಸುತ್ತದೆ. ಪಾಸ್‌ವರ್ಡ್ ಬದಲಿಸಿದರೆ ಸೋರಿದ್ದು ಕೆಲಸಕ್ಕೆ ಬಾರದ್ದಾಗುತ್ತದೆ. ಬದಲಿಸಲು ಆಗದ್ದು ಹುಟ್ಟಿದ ತಾರೀಕು, ಪಾನ್, ಬೆರಳು. ಅದರ ಬಗ್ಗೆಯೇ ನನಗೆ ಈಗ ಭಯ.

ರೈಟರ್, ಸುಂಟಿಕೊಪ್ಪ ಕಡೆಯ ತೋಟ

ಬೆರಳು ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ನಾನು ತೋಟದಲ್ಲಿ ರೈಟರ್. ಚೆಕ್‌ರೋಲ್ ಅಂದರೆ ಕೆಲಸಗಾರರ ಹಾಜರಿ ಪುಸ್ತಕ ಬರೆಯುವುದು, ವಾರದ ಬಟವಾಡೆ ನೋಡುವುದು ನನ್ನ ಕೆಲಸ. ಕೆಲಸಗಾರರು ಇರುವ ಲೈನ್ ಮನೆಯಲ್ಲಿ ಅಸ್ಸಾಂನಿಂದ ಬಂದ ಕುಟುಂಬಗಳಿವೆ.

ಹೋದ ವರ್ಷ ಹಣ್ಣು ಕುಯ್ಯುವ ಸಮಯದಲ್ಲಿ ಅವರಲ್ಲಿ ಒಬ್ಬ ಪಾಸ್‌ಬುಕ್ ಹಿಡಿದುಕೊಂಡು ಬಂದ. ಊರಿಗೆ ಹೋಗಲು ಹಣ ತೆಗೆಯಲು ಹೋಗಿದ್ದಾನೆ, ಖಾತೆಯಲ್ಲಿ ಇಲ್ಲ. ಪಾಸ್‌ಬುಕ್ಕಿನಲ್ಲಿ ಎರಡು ಕಡೆ ಎಇಪಿಎಸ್ ಅಂತ ಇತ್ತು, ಅಂದರೆ ಆಧಾರ್ ಮೂಲಕ ಹಣ ತೆಗೆದದ್ದು, ಒಂದೊಂದು 10,000 ರೂಪಾಯಿ. ಅವನು ಎಟಿಎಂ ಕಾರ್ಡನ್ನೇ ತೆಗೆದುಕೊಂಡಿರಲಿಲ್ಲ. ಒಟಿಪಿ ಯಾರಿಗೂ ಹೇಳಿರಲಿಲ್ಲ. ಮೆಸೇಜ್ ಹಳೇ ನಂಬರಿಗೆ ಹೋಗುತ್ತಿತ್ತು. ಬ್ಯಾಂಕಿನವರು ಆಮೇಲೆ ವಿವರಿಸಿದರು. ಎಇಪಿಎಸ್‌ಗೆ ಬ್ಯಾಂಕಿನ ಹೆಸರು, ಆಧಾರ್ ನಂಬರ್, ಬೆರಳಚ್ಚು ಮೂರು ಸಾಕು. ಒಟಿಪಿಯೂ ಬೇಡ, ಪಿನ್ನೂ ಬೇಡ. ಬ್ಯಾಂಕ್ ದೂರ ಇರುವ ಹಳ್ಳಿಯವರಿಗೆ ಅನುಕೂಲ ಆಗಲಿ ಅಂತ ಮಾಡಿದ್ದು. ಬೆರಳಚ್ಚನ್ನು ನಕಲು ಮಾಡಿದವನಿಗೂ ಅದೇ ಅನುಕೂಲ. 2023ರಲ್ಲಿ ದಕ್ಷಿಣ ಕನ್ನಡದಲ್ಲಿ ಆಸ್ತಿ ನೋಂದಣಿ ಮಾಡಿಸಿಕೊಂಡವರ ಖಾತೆಯಿಂದ ಹೀಗೆ ಹಣ ಹೋದ ದೂರುಗಳು ಬಂದಿದ್ದವು.

ಇದಕ್ಕೆ ಬೀಗ ಇದೆ, ದುಡ್ಡು ಕೊಡಬೇಕಾಗಿಲ್ಲ. ಆಧಾರ್ ಆ್ಯಪಿನಲ್ಲಿ ಅಥವಾ ವೆಬ್‌ಸೈಟಿನಲ್ಲಿ ಬಯೋಮೆಟ್ರಿಕ್ ಲಾಕ್ ಅಂತ ಇರುತ್ತದೆ. ಹಾಕಿದರೆ ನಿಮ್ಮ ಬೆರಳು, ಕಣ್ಣು ಎಲ್ಲೂ ನಡೆಯುವುದಿಲ್ಲ, ಒಟಿಪಿ ಮಾತ್ರ ನಡೆಯುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ದಿನ ತಾತ್ಕಾಲಿಕವಾಗಿ ತೆಗೆಯಬಹುದು, ಸ್ವಲ್ಪ ಹೊತ್ತಿಗೆ ತಾನಾಗಿಯೇ ಮತ್ತೆ ಬೀಳುತ್ತದೆ. ಆಧಾರಿಗೆ ಈಗಿನ ಮೊಬೈಲ್ ನಂಬರ್ ಜೋಡಿಸಿರಬೇಕು, ಅದೊಂದು ಮುಖ್ಯ. ಇಲ್ಲದಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ. ಸಂಶಯ ಇದ್ದರೆ ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿ. ಎಲ್ಲೆಲ್ಲಿ ನಿಮ್ಮ ಆಧಾರ್ ಬಳಕೆ ಆಗಿದೆ ಅಂತ ಹಿಂದಿನ 6 ತಿಂಗಳ ಪಟ್ಟಿಯನ್ನೂ ನೋಡಬಹುದು.

ಒಂದು ಭಾನುವಾರ ಪೂರ್ತಿ ಕೂತು ಲೈನ್ ಮನೆಯವರಿಗೆಲ್ಲ ಲಾಕ್ ಹಾಕಿಕೊಟ್ಟೆ. ಅವತ್ತೇ ಸ್ಟೋರಿಗೆ ಹೋಗಿ ನೋಡಿದೆ. ಗೊಬ್ಬರದ ಮೂಟೆಯ ಮೇಲೆ ಒಂದು ರಟ್ಟಿನ ಪೆಟ್ಟಿಗೆ. ಅದರೊಳಗೆ ಆರು ವರ್ಷದಲ್ಲಿ ಬಂದು ಹೋದ ಎಲ್ಲರ ಆಧಾರ್ ಜೆರಾಕ್ಸ್, ಅರ್ಧಕ್ಕರ್ಧ ಗೆದ್ದಲು ಹಿಡಿದಿತ್ತು. ಇಟ್ಟವನು ನಾನೇ. ಹಣ ಕಳೆದುಕೊಂಡ ಆ ಹುಡುಗನ ಕಾಪಿಯೂ ಅದರಲ್ಲಿತ್ತು. ಅವನ ಹಣ ಇದರಿಂದಲೇ ಹೋಯಿತು ಅಂತ ಹೇಳಲಾರೆ, ಆದರೆ ಆ ಪೆಟ್ಟಿಗೆ ಬೀಗ ಇಲ್ಲದ ಕೋಣೆಯಲ್ಲಿತ್ತು. ಸಾಹುಕಾರರಿಗೆ ಹೇಳಿ, ಈಗ ಇಲ್ಲಿ ಇಲ್ಲದವರದ್ದೆಲ್ಲಾ ಸುಟ್ಟೆವು. ಉಳಿದದ್ದು ಬೀರುವಿನಲ್ಲಿದೆ.

ಅಮ್ಮ, ಮಡಿಕೇರಿ

ನನ್ನ ಮಗಳು ಅಮೆರಿಕದಲ್ಲಿದ್ದಾಳೆ. ಅವಳಿಗೆ ಈ ಚರ್ಚೆ ಓದಿ ಹೇಳಿದೆ. ಅಲ್ಲಿ 2017ರಲ್ಲಿ ಈಕ್ವಿಫ್ಯಾಕ್ಸ್ ಅಂತ ಸಾಲದ ಲೆಕ್ಕ ಇಡುವ ಕಂಪನಿಯಿಂದಲೇ ಸುಮಾರು 14.7 ಕೋಟಿ ಜನರ ಮಾಹಿತಿ ಹೋಯಿತಂತೆ. ಆಮೇಲೆ ಕಾನೂನು ಬಂದು, 2018ರ ಸೆಪ್ಟೆಂಬರಿನಿಂದ ಕ್ರೆಡಿಟ್ ಫ್ರೀಜ್ ಮಾಡಿಸುವುದು ಎಲ್ಲರಿಗೂ ಉಚಿತ. ಫ್ರೀಜ್ ಮಾಡಿದರೆ ನಿಮ್ಮ ಹೆಸರಲ್ಲಿ ಹೊಸ ಸಾಲ ತೆಗೆಯುವುದು ಕಷ್ಟ. ಅವಳು ಅಲ್ಲಿ ಸಾಲದ ಲೆಕ್ಕ ಇಡುವ ಮೂರೂ ಕಂಪನಿಯಲ್ಲಿ ಮಾಡಿಸಿಟ್ಟಿದ್ದಾಳೆ. ನಮ್ಮಲ್ಲೂ ಹೀಗೆ ಇದೆಯಾ?

ನಿವೃತ್ತ ಬ್ಯಾಂಕಿನವರು, ವಿರಾಜಪೇಟೆ

ಅಲ್ಲಿಯ ಹಾಗೆ ಕಾನೂನಿನಿಂದ ಎಲ್ಲರಿಗೂ ಪುಕ್ಕಟೆ ಸಿಗುವ ಫ್ರೀಜ್ ನಮ್ಮಲ್ಲಿ ಇಲ್ಲಮ್ಮ. ಇರಬೇಕಿತ್ತು. ಪಾನ್ ಹೋದವರಿಗೆ ನಿಜವಾದ ಭಯ ಇದೇ, ಗೊತ್ತಿಲ್ಲದ ಆ್ಯಪಿನಲ್ಲಿ ನಮ್ಮ ಹೆಸರಲ್ಲಿ ಸಾಲ.

ನಮ್ಮ ಕೈಯಲ್ಲಿರುವುದು ಕಾವಲು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಅಂತ ಸಾಲದ ಲೆಕ್ಕ ಇಡುವ ನಾಲ್ಕು ಕಂಪನಿಗಳಿವೆ. ಪ್ರತಿಯೊಂದೂ ವರ್ಷಕ್ಕೆ ಒಂದು ಪೂರ್ತಿ ವರದಿ ಉಚಿತವಾಗಿ ಕೊಡಬೇಕು, 2017ರಿಂದ ಈ ನಿಯಮ ಇದೆ. ನಾಲ್ಕನ್ನೂ ಒಂದೇ ದಿನ ತೆಗೆಯಬೇಡಿ. ಮೂರು ತಿಂಗಳಿಗೆ ಒಂದರಂತೆ ತೆಗೆದರೆ ವರ್ಷವಿಡೀ ಕಣ್ಣಿಟ್ಟ ಹಾಗೆ. ವರದಿಯಲ್ಲಿ ಸಾಲದ ಪಟ್ಟಿಯ ಜೊತೆ ಎನ್‌ಕ್ವೈರಿ ಅಂತ ಒಂದು ಭಾಗ ಇರುತ್ತದೆ, ಅದನ್ನು ಬಿಡದೆ ನೋಡಿ. ನೀವು ಕೇಳದ ಸಾಲಕ್ಕೆ ಯಾವುದೋ ಕಂಪನಿ ನಿಮ್ಮ ಲೆಕ್ಕ ತೆಗೆದು ನೋಡಿದ್ದರೆ ಅದೇ ಮೊದಲ ಸುಳಿವು. ತಪ್ಪು ಇದ್ದರೆ ದೂರು ಕೊಡಿ. 30 ದಿನದೊಳಗೆ ಸರಿ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಯಾರಾದರೂ ನಿಮ್ಮ ವರದಿ ನೋಡಿದಾಗ ಮೆಸೇಜ್ ಬರಬೇಕು ಅಂತಲೂ ಇದೆ. ಹಾಗಾಗಿ ಬ್ಯಾಂಕಿನಲ್ಲಿ ಈಗಿನ ನಂಬರೇ ಇರಲಿ.

ವಕೀಲರು, ಸೋಮವಾರಪೇಟೆ

ಎರಡು ಮಾತು ಸೇರಿಸುತ್ತೇನೆ.

ಹಣ ಹೋದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಮನೆಯವರಿಗೆ ಹೇಳುವುದು, ಅಳುವುದು ಎಲ್ಲಾ ಆಮೇಲೆ. ಕದ್ದ ಹಣ ಖಾತೆಯಿಂದ ಖಾತೆಗೆ ಓಡುತ್ತಿರುತ್ತದೆ. ಯಾರೋ ತೆಗೆದುಕೊಳ್ಳುವ ಮೊದಲು ಅದನ್ನು ಅಲ್ಲೇ ತಡೆಯಲು ಈ ನಂಬರ್ ಇರುವುದು. ಸೈಬರ್ ಅಪರಾಧ ನೋಡುವ ಮಡಿಕೇರಿಯ ಸಿಇಎನ್ ಪೊಲೀಸ್ ಠಾಣೆಗೂ ಹೋಗಿ ದೂರು ಕೊಡಿ. ಮೆಸೇಜ್, ಕಾಲ್ ಲಿಸ್ಟ್ ಯಾವುದನ್ನೂ ಅಳಿಸಬೇಡಿ. ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಪ್ರಕಾರ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅಂದಾಗ, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮಗಿಲ್ಲ. ತಡವಾದಷ್ಟೂ ನಿಮ್ಮ ಪಾಲು ಬೆಳೆಯುತ್ತದೆ. ಒಟಿಪಿ ನೀವೇ ಹೇಳಿದ್ದರೆ, ನೀವು ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ನಿಮ್ಮದೇ.

ಇನ್ನು ಆ ಕಂಪನಿಯ ಮೇಲ್. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ನಿಯಮಗಳು ಬಂದವು. ಸೋರಿಕೆ ಆದರೆ ಏನು ಹೋಯಿತು, ಅದರಿಂದ ಏನಾಗಬಹುದು, ನೀವು ಏನು ಮಾಡಬೇಕು, ಯಾರನ್ನು ಕೇಳಬೇಕು ಅಂತ ಸರಳ ಮಾತಿನಲ್ಲಿ ಕಂಪನಿ ತಿಳಿಸಬೇಕು. ಈ ಭಾಗ ಪೂರ್ತಿ ಜಾರಿಯಾಗಲು ನಿಯಮಗಳು ಬಂದಲ್ಲಿಂದ 18 ತಿಂಗಳ ಅವಕಾಶ ಕೊಟ್ಟಿದ್ದಾರೆ. ಭದ್ರತೆ ಸರಿಯಾಗಿ ಇಡದಿದ್ದರೆ 250 ಕೋಟಿ ರೂಪಾಯಿ ತನಕ ದಂಡ ಇದೆ. ಆದರೆ ಆ ದಂಡ ಸರ್ಕಾರಕ್ಕೆ ಹೋಗುತ್ತದೆ, ನಿಮ್ಮ ಕೈಗೆ ಬರುವುದಿಲ್ಲ. ಇದು ನನಗೆ ಬೇಸರದ ವಿಷಯ. ಆದರೂ ಕಂಪನಿಗೆ ಒಂದು ಮೇಲ್ ಬರೆಯಿರಿ. ನಿಮ್ಮದು ಏನೇನು ಹೋಗಿದೆ ಅಂತ ಕೇಳಿ. ಇನ್ನು ಬೇಕಿಲ್ಲದ ಹಳೇ ದಾಖಲೆ ಅಳಿಸಿ ಅಂತ ಕೇಳಿ. ಉತ್ತರ ಬರಲಿ ಬಿಡಲಿ, ಕೇಳಿದ್ದಕ್ಕೆ ದಾಖಲೆ ಇರುತ್ತದೆ.

ಹೋಂಸ್ಟೇ ಅಕ್ಕಾ, ನಿಮ್ಮ ಅತಿಥಿಗಳ ಆಧಾರ್ ಎಲ್ಲಿ ಇಟ್ಟಿದ್ದೀರಿ?

ಹೋಂಸ್ಟೇ ಅಕ್ಕ, ಕಕ್ಕಬ್ಬೆ

ವಕೀಲರೇ, ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ರೈಟರ್ ಅಣ್ಣನ ಪೆಟ್ಟಿಗೆ ನನ್ನ ಫೋನಿನಲ್ಲೂ ಇತ್ತು.

ಈ ಐದು ದಿನದಲ್ಲಿ ಮಾಡಿದ್ದನ್ನು ಹೇಳುತ್ತೇನೆ. ಮೇಲ್ ಪಾಸ್‌ವರ್ಡ್ ಬದಲಿಸಿದೆ, ಅಥೆಂಟಿಕೇಟರ್ ಹಾಕಿಸಿದೆ. ಗೋಣಿಕೊಪ್ಪದ ತಮ್ಮ ಹೇಳಿದಂತೆ ಸಿಗ್ನಲ್ ಇಲ್ಲದ ಹಿಂದಿನ ಕೋಣೆಯಲ್ಲಿ ಕೂತು ನೋಡಿದೆ, ನಂಬರ್ ಬಂತು. ಮನೆಯವರದು, ಅತ್ತೆಯದು, ನನ್ನದು ಮೂರೂ ಬಯೋಮೆಟ್ರಿಕ್ ಲಾಕ್ ಆಯಿತು. ಅತ್ತೆಗೆ ಪಿಂಚಣಿ ಇದೆ, ನವೆಂಬರಿನಲ್ಲಿ ಜೀವನ ಪ್ರಮಾಣಪತ್ರ ಕೊಡುವ ದಿನ ತೆಗೆಯಬೇಕು ಅಂತ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ನಾಪೋಕ್ಲಿಗೆ ಹೋಗಿ ಬೇರೆ ಖಾತೆ ತೆರೆದೆವು. ಒಂದು ಕ್ರೆಡಿಟ್ ವರದಿ ತೆಗೆದೆ, ಅದರಲ್ಲಿ ನಮ್ಮ ಕಾಫಿ ಸಾಲ ಬಿಟ್ಟು ಬೇರೇನೂ ಇಲ್ಲ. ಮುಂದಿನದು ಮೂರು ತಿಂಗಳ ಮೇಲೆ.

ಇನ್ನು ಅತಿಥಿಗಳದು. ನಾಲ್ಕು ವರ್ಷದಿಂದ ಎಲ್ಲರಿಗೂ "ಆಧಾರ್ ಫೋಟೋ ವಾಟ್ಸ್ಆ್ಯಪ್ ಮಾಡಿ" ಅಂತ ಹೇಳುತ್ತಿದ್ದೆ. ಮಗನ ಜೊತೆ ಕೂತು ಹುಡುಕಿದಾಗ ಗ್ಯಾಲರಿಯಲ್ಲಿ ಆರುನೂರಕ್ಕೂ ಜಾಸ್ತಿ ಕಾರ್ಡ್. ನಮ್ಮ ಮೊಮ್ಮಗುವಿನ ಫೋಟೋ ಮಧ್ಯೆ ಮಧ್ಯೆ, ಯಾರದೋ ಮಕ್ಕಳ ಆಧಾರ್. ಹನಿಮೂನಿಗೆ ಬಂದವರದು, ಮಳೆ ನೋಡಲು ಬಂದ ಅಜ್ಜಿಯದು. ಅವರೆಲ್ಲ ನನ್ನ ಮನೆಯಲ್ಲಿ ಊಟ ಮಾಡಿ ಹೋದವರು. ನನ್ನ ಫೋನ್ ಕಳೆದುಹೋಗಿದ್ದರೆ ಅವರಿಗೆ ಯಾರೂ ಎರಡು ಪುಟದ ಮೇಲ್ ಕೂಡ ಕಳಿಸುತ್ತಿರಲಿಲ್ಲ.

ಅಳಿಸಿದೆವು. ಈಗ ಅತಿಥಿಗಳಿಗೆ ಬುಕಿಂಗ್ ಸಮಯದಲ್ಲೇ ಹೇಳುತ್ತೇನೆ, ಮಾಸ್ಕ್ ಮಾಡಿದ ಆಧಾರ್ ತನ್ನಿ, ಕೊನೆಯ 4 ಅಂಕಿ ಮಾತ್ರ ಕಾಣುವಂಥದ್ದು. ಬಂದಾಗ ಕಾರ್ಡ್ ನೋಡುತ್ತೇನೆ, ಹೆಸರು, ಊರು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತೇನೆ. ಮಾಸ್ಕ್ ಮಾಡಿದ ಆಧಾರನ್ನು ಎಲ್ಲಿಂದ ಇಳಿಸಿಕೊಳ್ಳಬೇಕು ಅಂತ ಹೆಚ್ಚಿನವರಿಗೆ ಗೊತ್ತಿಲ್ಲ, ಮಗ ತೋರಿಸಿಕೊಡುತ್ತಾನೆ.

ಮೊಬೈಲ್ ಅಂಗಡಿ, ಗೋಣಿಕೊಪ್ಪ

ಅಕ್ಕಾ, ಒಂದು ನೋಡಿ. ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ದರೆ ಅಳಿಸಿದ್ದು 60 ದಿನ ಟ್ರ್ಯಾಶ್‌ನಲ್ಲೇ ಇರುತ್ತದೆ. ಅದನ್ನೂ ಖಾಲಿ ಮಾಡಿದಿರಾ? ವಾಟ್ಸ್ಆ್ಯಪಿನಲ್ಲಿ ಫೋಟೋ ತಾನಾಗಿಯೇ ಗ್ಯಾಲರಿಗೆ ಬರುವುದನ್ನು ಆಫ್ ಮಾಡಿ. ನಿಮ್ಮ ಹಳೇ ಫೋನ್ ಮಗನ ಹತ್ತಿರ ಇದ್ದರೆ ಅದರಲ್ಲೂ ಇರಬಹುದು.

ಹೋಂಸ್ಟೇ ಅಕ್ಕ, ಕಕ್ಕಬ್ಬೆ

ಟ್ರ್ಯಾಶ್ ಗೊತ್ತಿರಲಿಲ್ಲ ತಮ್ಮಾ. ಈಗ ನೋಡಿದೆ, ಎಲ್ಲಾ ಅಲ್ಲೇ ಇದೆ. ಹಳೇ ಫೋನ್ ಅಟ್ಟದ ಮೇಲಿದೆ, ಚಾರ್ಜಿಗೆ ಹಾಕಿದ್ದೇನೆ.